ನಮ್ಮ ಕಡೆಯ ವಕೀಲರು

ಊರಿನಲ್ಲಿದ್ದ ಗಂಡನನ್ನು ತಾನಿದ್ದ ಪರದೇಶಕ್ಕೆ ಕರೆಸಿಕೊಳ್ಳಲು ವೀಸಾ ವಕೀಲರನ್ನು ಹುಡುಕಿ ಹುಡುಕಿ ನಾಗವೇಣಿಗೆ ಸಾಕಾಗಿತ್ತು. ಆ ದೇಶದ ಇಬ್ಬರು ವಕೀಲರು, ಗಂಡ ಅವಳ ತಾಯಿಯ ಒಡಹುಟ್ಟಿದ ತಮ್ಮ ಎಂದು ತಿಳಿದ ಕೂಡಲೇ ಮೂಗು ಮುರಿದು ಸಾಗಹಾಕಿದ್ದರು. ಹೋಗಲಿ, ನಮ್ಮ ಪದ್ಧತಿ ಅವರಿಗೇನು ಗೊತ್ತು? ನಮ್ಮ ಕಡೆಯವರಾದರೆ ಬಿಡಿಸಿ ಹೇಳುವ ಗೋಜಿಲ್ಲ ಎಂದುಕೊಂಡು, ಆಸ್ಪತ್ರೆಯ ಪಾಳಿ ಮುಗಿಸಿ ನೇರವಾಗಿ ಈ ಕನ್ನಡದ ವಕೀಲರ ಮನೆಗೆ ಬಂದಿದ್ದಳು.

ಅವರು ಮದುವೆಯ ಫೋಟೋವನ್ನು ಮೆಚ್ಚುಗೆಯಿಂದಲೇ ನೋಡುತ್ತಿದ್ದರು. ಅವಳು ಸಂಬಂಧ ಹೇಳಿದ್ದೇ ತಡ, ಸತ್ತ ಹಲ್ಲಿಯನ್ನು ಎತ್ತಿ ಹಾಕುವವರಂತೆ ಎರಡೇ ಬೆರಳಲ್ಲಿ ಹಿಡಿದು ಅದನ್ನು ಅವಳತ್ತ ತಳ್ಳಿದರು.

"ಥೂ! ಸ್ವಂತ ಸೋದರಮಾವನ್ನ ಕಟ್ಕೊಂಡಿದೀರಾ?"

"ನಮ್ಮಲ್ಲಿ ನಡ್ಕೊಂಡು ಬಂದಿರೋದೇ ಅಲ್ವಾ ಸಾರ್? ನಿಮಗೆ ಗೊತ್ತಿಲ್ದೇ ಇರೋದಾ?"

"ನನಗ್ಯಾಕಮ್ಮ ಗೊತ್ತಿರುತ್ತೆ? ಓದಿದೋರು ಮಾಡೋ ಕೆಲಸಾನಾ ಇದು? ನಿಮ್ಮಂಥೋರಿಂದಾನೇ ಇಲ್ಲಿ ನಾವು ತಲೆ ಎತ್ತೋ ಹಾಗಿಲ್ಲ. ಇಂಥ ಕೇಸು ನಾನು ಮುಟ್ಟಲ್ಲ, ಹೊರಡಿ."

ನಾಗವೇಣಿಗೆ ಆ ಇಬ್ಬರು ಮೂಗು ಮುರಿದಾಗ ಸಿಟ್ಟು ಬಂದಿತ್ತು. ಅದೇ ಮಾತು ಇವರ ಬಾಯಲ್ಲಿ ಕೇಳಿ ಅಸಹ್ಯವಾಯಿತು. ಅವರ ಬೆರಳು ತಾಗಿದ ಫೋಟೋವನ್ನು ದುಪಟ್ಟಾದಿಂದ ಒರೆಸಿಕೊಂಡು ಎದ್ದಳು.

ಅಷ್ಟರಲ್ಲಿ ವಕೀಲರ ಹೆಂಡತಿ ಫೋನು ಕಿವಿಗಿಟ್ಟುಕೊಂಡೇ ಒಳಗಿನಿಂದ ಬಂದರು.

"ರೀ, ಊರಿಂದ ನಿಮ್ಮಮ್ಮ" ಎಂದು ಗಂಡನಿಗೆ ಹೇಳಿ, ಫೋನಿನಲ್ಲಿ ನಗುತ್ತಾ ಕೂಗಿದರು: "ಅಜ್ಜೀ, ನಿನ್ನ ಮಗನಿಗೆ ಕೊಡ್ತೀನಿ ಇರು. ನಮ್ಮಮ್ಮನ್ನೂ ಕರಿ, ತಮ್ಮನ ಜೊತೆ ಮಾತಾಡ್ಲಿ."