ಬಾವಿಗಿಳಿದ ಅಂತೋನಿ

"ಹಗ್ಗ ಬಿಡು ಕಿತೇರಿಯಾ," ಎಂದರು ಫಾದರ್ ಎವಾರಿಸ್ತ್.

"ಬಿಟ್ರೆ ನಿಮ್ಮ ಸಂತ ತಳ ಸೇರ್ತಾನೆ ಫಾದರ್. ಬಿಡ್ಲಾ?"

ಫಾದರ್ ಬಾವಿಯೊಳಗೆ ಬಗ್ಗಿ ನೋಡಿದರು. ಕಳೆದುಹೋದದ್ದನ್ನು ಹುಡುಕಿಕೊಡುವ ಸಂತ ಅಂತೋನಿ ಕಾಲು ಮೇಲಾಗಿ ಹಗ್ಗದಲ್ಲಿ ನೇತಾಡುತ್ತಿದ್ದ. ಪ್ರತಿಮೆಯ ತಲೆ ನೀರಿಗೆ ತಾಗಿತ್ತು. ಅವನ ತೋಳಿನಲ್ಲಿದ್ದ ಬಾಲಯೇಸುವೂ ತಲೆಕೆಳಗು. ಗೋವಾದ ಆ ಮೀನುಗಾರರ ಕೇರಿಯಲ್ಲಿ ಇದೇನೂ ಹೊಸದಲ್ಲ. ಮಳೆ ಬಾರದಿದ್ದರೂ ಎಮ್ಮೆ ಕಳೆದರೂ ಅಂತೋನಿಗೆ ಬಾವಿಯೇ ಗತಿ. ಬೇಡಿದ್ದು ಸಿಕ್ಕಿದ ಮೇಲೆ ಎತ್ತಿ, ಒರೆಸಿ, ಮೇಣದಬತ್ತಿ ಹಚ್ಚಿ ರಾಜಿಯಾಗುತ್ತಾರೆ. ಆದರೆ ಕಿತೇರಿಯಾ ಕಳೆದುಕೊಂಡದ್ದು ಗಂಡನನ್ನು. ಬಿರುಗಾಳಿಯ ದಿನ ಮೀನಿಗೆ ಹೋದ ಇನಾಸ್ ಹಿಂದಿರುಗಿರಲಿಲ್ಲ. ನಿನ್ನೆ ಅವನ ದೋಣಿಯ ಹಲಗೆಗಳು ಮಾತ್ರ ದಡಕ್ಕೆ ಬಂದಿದ್ದವು.

"ಕೂಸಿನ ಸಮೇತ ಇಳಿಸಿದ್ದೀಯಲ್ಲ," ಫಾದರ್ ಧ್ವನಿ ಏರಿತು. "ದೇವರ ಭಯ ಬೇಡವಾ?"

"ಕೀಳೋಕೆ ನೋಡ್ದೆ. ಬರ್ಲಿಲ್ಲ. ಗಟ್ಟಿಯಾಗಿ ಅಂಟಿಸಿದ್ದಾರೆ."

ಫಾದರ್ ಬಂದದ್ದು ಬೇರೆ ಕೆಲಸಕ್ಕೆ. ಮರುದಿನ ಬೆಳಿಗ್ಗೆ ಇಗರ್ಜಿಯಲ್ಲಿ ಇನಾಸನ ಹೆಸರಿಗೆ ಸತ್ತವರ ಪೂಜೆ ಇಡುವುದೆಂದು ಕೇರಿಯವರು ತೀರ್ಮಾನಿಸಿದ್ದರು. ಅದಕ್ಕೆ ಹೆಂಡತಿಯ ಒಪ್ಪಿಗೆ ಬೇಕಿತ್ತು. ಒಪ್ಪಿದರೆ ಗಂಡ ಸತ್ತನೆಂದು ತಾನೇ ಬಾಯಿಬಿಟ್ಟು ಹೇಳಿದಂತೆ. ಸಮಾಧಾನ ಹೇಳುವವರಿಗಂತೂ ಆ ಮನೆಯಲ್ಲಿ ಬರ ಇರಲಿಲ್ಲ. ಬಂದವರೆಲ್ಲ ಚಹಾ ಕುಡಿದು, ದೇವರ ಚಿತ್ತ ಎಂದು ನಿಟ್ಟುಸಿರು ಬಿಟ್ಟು, ತಮ್ಮ ತಮ್ಮ ಗಂಡಂದಿರ ಹತ್ತಿರ ಹೋಗಿದ್ದರು.

"ಅವನನ್ನ ದೇವರ ಕೈಗೆ ಒಪ್ಪಿಸಿಬಿಡು," ಎಂದರು ಫಾದರ್. "ಭರವಸೆ ಇಟ್ಟು ನೋಡು, ಶಾಂತಿ ಸಿಗುತ್ತೆ. ಸಂತೋಷಾನೂ ಸಿಗುತ್ತೆ."

"ಭರವಸೆ ಇಲ್ದೇ ಇದ್ರೆ ಹಗ್ಗ ಹಿಡ್ಕೊಂಡು ಯಾಕೆ ನಿಲ್ತಿದ್ದೆ? ಕಿವುಡನ ಹತ್ರ ಯಾರಾದ್ರೂ ಜಗಳ ಆಡ್ತಾರಾ?"

"ಜಗಳ ಪ್ರಾರ್ಥನೆ ಅಲ್ಲ." ಫಾದರ್ ಜಗಲಿಯತ್ತ ಕೈ ತೋರಿಸಿದರು. "ನಿನ್ನ ಅತ್ತೇನ ನೋಡಿ ಕಲಿ. ಹೆತ್ತವರು ಅವರು. ಒಂದು ಮಾತಾಡಿದ್ರಾ? ಎಷ್ಟು ಶಾಂತವಾಗಿ ಕೂತಿದ್ದಾರೆ."

ಜಗಲಿಯಲ್ಲಿ ಅರ್ಸುಲಾ ಜಪಮಾಲೆ ಹಿಡಿದು ಕೂತಿದ್ದಳು. ಇದೇ ಕಡಲು ಮೊದಲು ಅವಳ ಗಂಡನನ್ನು, ಆಮೇಲೆ ಹಿರಿಮಗನನ್ನು ನುಂಗಿತ್ತು. ಎರಡು ಸಲವೂ ಅವಳು ತುಟಿ ಪಿಟಕ್ಕೆನ್ನದೆ ಇಗರ್ಜಿಗೆ ಹೋಗಿ ಮೊದಲ ಬೆಂಚಿನಲ್ಲಿ ಕೂತಿದ್ದಳು. ವಿಶ್ವಾಸವೆಂದರೆ ಹೀಗಿರಬೇಕು ಎಂದು ಹಿಂದಿನ ಪಾದ್ರಿಗಳು ಪ್ರವಚನದಲ್ಲಿ ಅವಳ ಹೆಸರನ್ನೇ ಹೇಳುತ್ತಿದ್ದರು.

ಅರ್ಸುಲಾ ಜಪಮಾಲೆಯನ್ನು ಕೊರಳಿಗೆ ಹಾಕಿಕೊಂಡು ಎದ್ದಳು. ನೇರ ಬಾವಿಯ ಹತ್ತಿರ ಬಂದಳು.

"ಶಾಂತಿ ಅಂತ ನಿಮಗೆ ಯಾರು ಹೇಳಿದ್ದು?" ಎಂದಳು. "ಹಲ್ಲು ಕಚ್ಕೊಂಡು ಕೂತಿದ್ದೆ, ಇಷ್ಟು ವರ್ಷ. ಬಾಯಿ ಬಿಟ್ರೆ ಆ ದೇವರಿಗೆ ಸಿಟ್ಟು ಬಂದು ಉಳಿದಿದ್ದನ್ನೂ ಕಸ್ಕೊಳ್ತಾನೆ ಅಂತ ಹೆದರಿಕೆ. ಅದಕ್ಕೆ ನೀವು ವಿಶ್ವಾಸ ಅಂತ ಹೆಸರಿಟ್ರಿ. ಈಗ ಕಸ್ಕೊಳ್ಳೋಕೆ ಏನು ಉಳಿದಿದೆ? ಕೊಡೇ ಹಗ್ಗ."

ಸೊಸೆ ಕೊಟ್ಟಳು. ಮುದುಕಿ ಬಾವಿಕಟ್ಟೆಗೆ ಎದೆಯೊತ್ತಿ ಬಗ್ಗಿದಳು.

"ಅಂತೋನಿ, ನೀನು ಸುಮ್ನಿರು. ಇದು ನಿನ್ನ ತೋಳಲ್ಲಿರೋನಿಗೆ." ಅವಳ ಧ್ವನಿ ಒಡೆಯಿತು, ಆದರೆ ನಿಲ್ಲಲಿಲ್ಲ. "ಲೋ ಯೇಸೂ, ಮೂರು ಜನಾನೂ ತಗೊಂಡ್ಯಲ್ಲೋ. ಒಬ್ಬನನ್ನಾದ್ರೂ ಹೂಳೋಕೆ ಕೊಟ್ಯಾ? ನಿನ್ನ ಅಮ್ಮನಿಗೆ ನಿನ್ನ ಹೆಣವಾದ್ರೂ ಮಡಿಲಿಗೆ ಸಿಕ್ತು. ನನಗೆ ಹಲಗೆ ಕಳಿಸ್ತೀಯಾ? ನಾಚಿಕೆ ಆಗಲ್ವಾ ನಿನಗೆ?"

ಬಾವಿ ಪ್ರತಿ ಮಾತನ್ನೂ ದೊಡ್ಡದು ಮಾಡಿ ಮೇಲಕ್ಕೆ ಕಳಿಸಿತು. ಅವಳು ಗಂಡನ ಹೆಸರು ಹಿಡಿದು ಬೈದಳು, ಮಕ್ಕಳ ಹೆಸರು ಹಿಡಿದು ಬೈದಳು, ಆ ಹಿಂದಿನ ಪೂಜೆಗಳಲ್ಲಿ ನುಂಗಿಕೊಂಡದ್ದನ್ನೆಲ್ಲ ತೆಗೆದು ಬೈದಳು. ಪಕ್ಕದ ಮನೆಯವರು ಬೇಲಿಯಾಚೆ ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ತಡೆಯಲು ಫಾದರ್ ಒಮ್ಮೆ ಕೈ ಎತ್ತಿದರು. ಕಿತೇರಿಯಾ ಆ ಕೈಯನ್ನು ಹಿಡಿದು ಕೆಳಗಿಳಿಸಿದಳು.

ಕೊನೆಗೆ ಬೈಗುಳ ಖಾಲಿಯಾದವು. ಆಕಾಶವೇನೂ ಕಳಚಿ ಬೀಳಲಿಲ್ಲ. ಅರ್ಸುಲಾ ಏದುಸಿರು ಬಿಡುತ್ತ ಸ್ವಲ್ಪ ಹೊತ್ತು ನೀರನ್ನೇ ನೋಡಿದಳು. ಮುಖದ ಬಿಗಿ ಸಡಿಲಿತ್ತು. ಆಮೇಲೆ ಅವಳಿಗೆ ನಗು ಬಂತು. ಮದುವೆಯಾಗಿ ಬಂದಾಗಿನಿಂದ ಸೊಸೆ ಆ ನಗುವನ್ನು ಕಂಡಿರಲಿಲ್ಲ.

"ಪೂರ್ತಿ ಕೇಳಿಸ್ಕೊಂಡ ಕಣೇ," ಎಂದಳು. "ಎದ್ದು ಹೋಗ್ಲಿಲ್ಲ. ಇದು ಗೊತ್ತಿದ್ದಿದ್ರೆ ನಾನು ಇಷ್ಟು ವರ್ಷ ಹೆದರ್ತಾನೇ ಇರ್ಲಿಲ್ಲ. ನಾಳೆ ಪೂಜೆ ಆಗ್ಲಿ ಬಿಡು. ಬದುಕಿದ್ರೂ ಸರಿ, ಸತ್ತಿದ್ರೂ ಸರಿ, ಇವನ ಕೈ ತಪ್ಪಿಸ್ಕೊಂಡು ನಿನ್ನ ಗಂಡ ಎಲ್ಲಿಗೆ ಹೋಗ್ತಾನೆ?"

ಬಿರುಗಾಳಿ ಬಂದ ಮೇಲೆ ಕಿತೇರಿಯಾ ಅತ್ತಿರಲಿಲ್ಲ. ಈಗ ಅತ್ತಳು. ಅಳುತ್ತಲೇ ಅತ್ತೆಗೆ "ಆಗ್ಲಿ ಮಾಯ್" ಎಂದಳು.

"ಗಂಜಿ ಇದ್ಯಾ? ಮಾವಿನ ಉಪ್ಪಿನಕಾಯಿ ತೆಗಿ. ಹೊಟ್ಟೆ ಹಸೀತಿದೆ ನನಗೆ."

ಸಂತನನ್ನು ಮೇಲೆತ್ತೋಣವೆಂದು ಫಾದರ್ ಕೈ ಚಾಚಿದರು. ಅರ್ಸುಲಾ ಹಗ್ಗವನ್ನು ಅವರ ಕೈಗೆ ಕೊಟ್ಟಳು. ಆದರೆ ಎಳೆಯಲು ಬಿಡಲಿಲ್ಲ.

"ತಾಳು ಮಗಾ," ಎಂದಳು. "ನಿನ್ನದೂ ಏನಾದ್ರೂ ಇದ್ರೆ ಹೇಳ್ಬಿಡು. ನಾವು ಒಳಗೆ ಹೋಗಿರ್ತೀವಿ."