ಮಣ್ಣಿನ ಮರ್ಯಾದೆ

ಕಾಡು ಕಡಿದು ಶುಂಠಿ ಹಾಕಿದ ಹೂವೇಗೌಡರಿಗೆ ಮೊದಲ ವರ್ಷ ಬಂಪರ್ ಬೆಳೆ ಬಂತು. ನಾಲ್ಕನೆಯ ವರ್ಷ ಗಿಡ ಗೇಣುದ್ದವೂ ಏಳಲಿಲ್ಲ. ಪರೀಕ್ಷೆಗೆ ಒಂದು ಚೀಲ ಮಣ್ಣು ಕೊಟ್ಟು, ವಾರ ಬಿಟ್ಟು ವರದಿ ಕೇಳಲು ಹೋದರು.

ಲ್ಯಾಬಿನ ಮೇಡಂ ಕಣ್ಣರಳಿಸಿದರು. “ಗೌಡ್ರೇ, ಇಂಥ ಮಣ್ಣು ನನ್ನ ಸರ್ವೀಸಲ್ಲೇ ನೋಡಿಲ್ಲ! ಸಾವಯವ ಅಂಶ ತುಂಬಿ ತುಳುಕ್ತಿದೆ. ಗೊಬ್ಬರವೇ ಬೇಡ.”

ಗೌಡರು ಮೀಸೆಯಲ್ಲೇ ನಕ್ಕರು.

“ಇದರಲ್ಲೂ ಶುಂಠಿ ಏಳಲ್ಲ ಅಂದ್ರೆ ತಪ್ಪು ನಿಮ್ಮದೇ. ಹೊಲದ ಯಾವ ಭಾಗದಿಂದ ತಂದ್ರಿ?”

ಗೌಡರು ತಲೆ ಕೆರೆದುಕೊಂಡರು. “ಹೊಲದ್ದು ಬಿಳಿಚ್ಕೊಂಡೈತೆ ಮೇಡಮ್ಮೋರೆ, ನಿಮ್ಗೆ ತೋರ್ಸಕ್ಕೆ ನಾಚ್ಕೆ ಆಯ್ತು. ಚೌಡಿ ಅವ್ಳೆ ಅಂತ ಹೆದ್ರಿ ಒಂದು ಮರ ಕಡೀದೆ ಬಿಟ್ಟಿದ್ನಲ್ಲ, ಅದರ ಬುಡದ್ದು ತಂದೆ.”