ಪಾಠ ಮುಗಿದ ಮೇಲೆ

ಶಾಲೆಯಲ್ಲಿದ್ದದ್ದು ಒಬ್ಬರೇ ಶಿಕ್ಷಕಿ. ಅವರು ಜೊತೆಗೆ ಬಾರದೆ ಹೆಣ್ಣುಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಂತಿರಲಿಲ್ಲ. ಕಡಲು ನೋಡಿ, ಅಲ್ಲೇ ಒಂದು ರಾತ್ರಿ ಉಳಿದು ಬರುವ ಪ್ರವಾಸ. ಶಿವಲೀಲಾ ಊಟ ಬಿಟ್ಟು, ಅತ್ತು ಅಪ್ಪನನ್ನು ಒಪ್ಪಿಸಿದ್ದಳು. ಮುಂದಿನ ವರ್ಷ ತನ್ನನ್ನು ಶಾಲೆಗೇ ಕಳಿಸುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

"ವಿಜ್ಞಾನದ ಪಾಠ ಇನ್ನೂ ಉಳದಾವ. ಆಟ, ಡಾನ್ಸು, ಪ್ರವಾಸ ಅಂತ ತಿರುಗಿದ್ರ ಕಲಿಯೂದು ಯಾವಾಗ?" ಎಂದರು ಟೀಚರ್.

"ಮುಗಿಸಿದ್ರ ಬರ್ತೀರೇನ್ರಿ?" ಎಂದಳು ಶಿವಲೀಲಾ.

"ಮೊದಲು ಮುಗೀಲಿ."

ಹುಡುಗಿಯರು ಆಟದ ಪಿರಿಯಡ್ಡನ್ನೂ ಭಾನುವಾರವನ್ನೂ ಪಾಠಕ್ಕೇ ಕೊಟ್ಟರು. ಹಿಂದುಳಿದ ಗೆಳತಿಯರನ್ನು ಶಿವಲೀಲಾ ಗೋಗರೆದು, ಗದರಿಸಿ ಓದಿಸಿದಳು. ಪ್ರವಾಸದ ಹಿಂದಿನ ದಿನ ಕೊನೆಯ ಪಾಠವೂ ಮುಗಿಯಿತು.

"ಇನ್ನರ ಹೊರಡೂಣ್ರೀ ಟೀಚರ್?" ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತು ಕೇಳಿದರು.

ಟೀಚರ್ ಪುಸ್ತಕ ಮುಚ್ಚಿ, ಮತ್ತೆ ತೆರೆದರು. "ಮೊದಲನೇ ಪಾಠ ತಗೀರಿ. ಎಲ್ಲಾ ಮರತೀರಿ ನೀವು."

ಹೆಡ್‌ಮಾಸ್ತರರು ತಲೆಯಲ್ಲಾಡಿಸುತ್ತ ಹೊರಟುಹೋದರು. "ಕಲ್ಲು ಮನಸು ಇವರದು" ಎಂದು ಹಿಂದಿನ ಬೆಂಚಿನಲ್ಲಿ ಯಾರೋ ಬಿಕ್ಕಿದರು.

ಶಾಲೆ ಬಿಟ್ಟ ಮೇಲೆ ಜಗಳವಾಡಿಯೇ ಬಿಡಬೇಕೆಂದು ಶಿವಲೀಲಾ ಎದ್ದು ಟೀಚರ್ ಬಳಿ ಹೋದಳು. ಟೀಚರ್ ತಿರುಗಿ ನೋಡಲಿಲ್ಲ. ಒರೆಸಿದ್ದ ಬೋರ್ಡನ್ನೇ ಮತ್ತೆ ಮತ್ತೆ ಒರೆಸುತ್ತಿದ್ದರು. ಅವರ ಭುಜ ನಡುಗುತ್ತಿತ್ತು.

ಶಿವಲೀಲಾ ಮೆಲ್ಲಗೆ ಕೇಳಿದಳು:

"ನಿಮ್ಮ ಮನ್ಯಾಗೂ ಕಳಸೂದಿಲ್ಲೇನ್ರೀ, ಟೀಚರ್?"